ಬೆಳೆಯುವ ಮಗುವಿನ ಬಟ್ಟೆಗೆ ಬೆಲೆ ಕಟ್ಟುವುದು ಹೇಗೆ?

2024ರ ಅಕ್ಟೋಬರ್ ತಿಂಗಳ ಒಂದು ಶನಿವಾರ. ಅಮೆರಿಕದ ಡೆನ್ವರ್ ನಗರದ ಶಾಲೆಯೊಂದರ ಸಭಾಂಗಣದ ಮುಂದೆ ಮಗಳು, ಮೊಮ್ಮಕ್ಕಳೊಡನೆ ನಾನೂ ಸರದಿಯಲ್ಲಿ ನಿಂತಿದ್ದೆ. ಒಳಗೆ ನಡೆಯುತ್ತಿದ್ದುದು ಒಂದು ಬಗೆಯ ಸಂತೆ. ತಮ್ಮ ಮಕ್ಕಳಿಗೆ ಚಿಕ್ಕದಾದ ಸ್ಕೀ ಉಡುಪುಗಳನ್ನು ಪೋಷಕರು ತಂದು ಮಾರುತ್ತಾರೆ. ಬಂದ ಹಣದಲ್ಲಿ ಈ ವರ್ಷಕ್ಕೆ ಹೊಂದುವ ಅಳತೆಯ ಉಡುಪನ್ನು ಅಲ್ಲಿಯೇ ಬೇರೆಯವರಿಂದ ಕೊಳ್ಳುತ್ತಾರೆ. ಚಳಿಗಾಲದ ಹೊಸ್ತಿಲಲ್ಲಿ ಆ ಪ್ರದೇಶದ ಶಾಲೆಗಳು, ಸ್ಕೀ ಕ್ಲಬ್ಬುಗಳು ಇಂಥ ಸಂತೆಗಳನ್ನು ಏರ್ಪಡಿಸುವುದು ವಾಡಿಕೆ.

ಹಿಂದಿನ ದಿನ ನಾವು ದೊಡ್ಡ ಅಂಗಡಿಯೊಂದಕ್ಕೆ ಹೋಗಿದ್ದೆವು. ಆರು ವರ್ಷದ ಮೊಮ್ಮಗಳಿಗೂ ನಾಲ್ಕು ವರ್ಷದ ಮೊಮ್ಮಗನಿಗೂ ತಲಾ ಒಂದು ಜಾಕೆಟ್, ಒಂದು ದಪ್ಪ ಪ್ಯಾಂಟು, ಜೊತೆಗೆ ಕೈಗವಸು, ಕಾಲುಚೀಲಗಳನ್ನು ಲೆಕ್ಕ ಹಾಕಿದಾಗ 300 ಡಾಲರ್ ದಾಟಿತು. ಶಾಲೆಯ ಸಂತೆಯಲ್ಲಿ ಇಬ್ಬರ ಜಾಕೆಟ್ಟು ಪ್ಯಾಂಟುಗಳೂ 70 ಡಾಲರಿಗೆ ಮುಗಿದವು. ಹಣ ಕೊಟ್ಟು ಹೊರಬಂದ ಮೇಲೆ ಮಗಳು ನನ್ನ ಕಿವಿಯಲ್ಲಿ ಹೇಳಿದ ಮಾತು ಈ ಬರಹಕ್ಕೆ ಕಾರಣ: ‘ಅಪ್ಪಾ, ಇದು ಬೇರೆ ಮಕ್ಕಳು ಹಾಕ್ಕೊಂಡಿದ್ದು ಅಂತ ಅಮ್ಮನಿಗೆ ಮಾತ್ರ ಹೇಳಬೇಡ.’

ಹಿಮದ ಮೇಲೆ ಜಾರುವ ಮಕ್ಕಳ ಬಟ್ಟೆಯ ವಿಚಾರ ಕನ್ನಡದ ಓದುಗರಿಗೆ ಏಕೆ ಎಂದು ಕೇಳಬಹುದು. ಆದರೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಲ್ಲಿ ಒಂದು ಬೀದಿಯ ಮನೆಗಳ ಕದ ತಟ್ಟಿದರೆ ಮಕ್ಕಳೋ ಮೊಮ್ಮಕ್ಕಳೋ ಹಿಮ ಬೀಳುವ ದೇಶದಲ್ಲಿರುವ ಮನೆ ಒಂದಾದರೂ ಸಿಗುತ್ತದೆ. ಹೇಮಾವತಿಯ ದಡದ ಗೊರೂರು ರಾಮಸ್ವಾಮಿ ಅಯ್ಯಂಗಾರರು ಅಮೆರಿಕಕ್ಕೆ ಹೋಗಿ ಬಂದು ಬರೆದ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ಕಾಲಕ್ಕೆ ಆ ಪ್ರಯಾಣವೇ ಒಂದು ವಿಶೇಷವಾಗಿತ್ತು. ಇಂದು ನಮ್ಮ ಜಿಲ್ಲೆಯ ನಿವೃತ್ತ ಮೇಷ್ಟ್ರು, ಗುಮಾಸ್ತರು, ಎಂಜಿನಿಯರುಗಳು ಆರು ತಿಂಗಳ ವೀಸಾ ಪಡೆದು ಮೊಮ್ಮಕ್ಕಳನ್ನು ನೋಡಿಕೊಳ್ಳಲು ಹೋಗಿ ಬರುತ್ತಾರೆ. ಇನ್ನು ಬೇಸಿಗೆ ರಜೆಯಲ್ಲೋ ಡಿಸೆಂಬರಿನಲ್ಲೋ ಮಕ್ಕಳನ್ನು ಕರೆದುಕೊಂಡು ಮನಾಲಿ, ಗುಲ್ಮಾರ್ಗ್, ಔಲಿಗಳಿಗೆ ಪ್ರವಾಸ ಹೋಗುವ ಕುಟುಂಬಗಳೂ ಕಡಿಮೆಯಿಲ್ಲ. ಅರಕಲಗೂಡಿಗೆ ನೆರೆಯ ಕೊಡಗಿನ ಭವಾನಿ ತೆಕ್ಕಡ ನಂಜುಂಡ ಗುಲ್ಮಾರ್ಗ್‌ನ ಖೇಲೋ ಇಂಡಿಯಾ ಚಳಿಗಾಲದ ಕ್ರೀಡಾಕೂಟದಲ್ಲಿ ಕರ್ನಾಟಕಕ್ಕೆ ಸ್ಕೀಯಿಂಗ್ ಪದಕಗಳನ್ನು ತಂದುಕೊಟ್ಟ ಮೇಲೆ ಈ ಆಟ ನಮ್ಮದಲ್ಲ ಎನ್ನುವ ಹಾಗೂ ಇಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಸಂತೆಯಲ್ಲಿ ಕೊಂಡ ಜಾಕೆಟ್ಟುಗಳಲ್ಲಿ ಒಂದರ ಒಳಪಟ್ಟಿಯ ಮೇಲೆ ಭಾರತದಲ್ಲಿ ತಯಾರಾದದ್ದು ಎಂದು ಅಚ್ಚಾಗಿತ್ತು. ಅದರ ಬಳಿಗೆ ಮುಂದೆ ಬರುತ್ತೇನೆ.

ಮೊದಲು ಲೆಕ್ಕ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಲೆಕ್ಕ ಹಾಕದೆ ಸಮಾಧಾನವಿರುವುದಿಲ್ಲ. ಮೂರರಿಂದ ಹತ್ತು ವರ್ಷದೊಳಗಿನ ಮಗು ವರ್ಷಕ್ಕೆ ಸುಮಾರು ಐದಾರು ಸೆಂಟಿಮೀಟರ್ ಎತ್ತರವಾಗುತ್ತದೆ. ಅಂದರೆ ಅಳತೆಗೆ ಸರಿಯಾಗಿ ಕೊಂಡ ಉಡುಪಿನ ಆಯಸ್ಸು ಒಂದು ಚಳಿಗಾಲ, ಹೆಚ್ಚೆಂದರೆ ಎರಡು. ವಾರಕ್ಕೊಮ್ಮೆ ಸ್ಕೀ ಕಲಿಯಲು ಹೋಗುವ ಮಗು ಒಂದು ಋತುವಿನಲ್ಲಿ ಅದನ್ನು ಹನ್ನೆರಡು ದಿನ ತೊಡುತ್ತದೆ ಎಂದುಕೊಳ್ಳೋಣ. ಜಾಕೆಟ್ ಮತ್ತು ಪ್ಯಾಂಟಿಗೆ ಹೊಸದಾಗಿ 130 ಡಾಲರ್ ಕೊಟ್ಟರೆ ದಿನವೊಂದಕ್ಕೆ 11 ಡಾಲರಿಗೆ ಸಮೀಪವಾಯಿತು. ಅದನ್ನೇ 35 ಡಾಲರಿಗೆ ಸಂತೆಯಲ್ಲಿ ಕೊಂಡು ಮುಂದಿನ ವರ್ಷ ಅದೇ ಸಂತೆಯಲ್ಲಿ 20 ಡಾಲರಿಗೆ ಮಾರಿದರೆ ನಿಜವಾದ ಖರ್ಚು 15 ಡಾಲರ್. ದಿನಕ್ಕೆ ಒಂದೂಕಾಲು ಡಾಲರ್. ಬಟ್ಟೆ ಅದೇ, ಚಳಿ ಅದೇ, ಮಗುವಿನ ಸಂತೋಷವೂ ಅದೇ. ಬದಲಾಗಿರುವುದು ಒಂದೇ: ಉಡುಪು ಒಬ್ಬರ ಬೀರುವಿನಲ್ಲಿ ಕೊಳೆಯದೆ ನಾಲ್ಕು ಮಕ್ಕಳ ಮೈಮೇಲೆ ದುಡಿಯುತ್ತದೆ.

ಹೀಗಾಗಿ ಕಡಿಮೆ ಬೆಲೆ ಮತ್ತು ಕಡಿಮೆ ಖರ್ಚು ಎರಡೂ ಒಂದೇ ಅಲ್ಲ. ಅಂಗಡಿಯ ಮೂಲೆಯಲ್ಲಿ 40 ಡಾಲರಿಗೆ ಸಿಗುವ ಹೊಸ ಜಾಕೆಟ್ಟು ಮೊದಲ ನೋಟಕ್ಕೆ ಅಗ್ಗ. ಅದರ ಜಿಪ್ಪು ಜನವರಿಯಲ್ಲಿ ಕಿತ್ತುಬಂದರೆ, ಎರಡನೆಯ ಸಲ ಹಿಮದಲ್ಲಿ ಕೂತಾಗ ನೀರು ಒಳಗಿಳಿದರೆ, ಅದನ್ನು ಯಾರೂ ಮರಳಿ ಕೊಳ್ಳುವುದಿಲ್ಲ. ಗಟ್ಟಿಯಾಗಿ ಹೊಲಿದ ಉಡುಪಿಗೆ ಮಾತ್ರ ಎರಡನೆಯ, ಮೂರನೆಯ ಜನ್ಮ ಉಂಟು.

ಕೊಳ್ಳುವಾಗ ಏನು ನೋಡಬೇಕು? ಒಂದೇ ದಪ್ಪ ಬಟ್ಟೆಗಿಂತ ಮೂರು ತೆಳು ಪದರಗಳು ಮೇಲು ಎಂಬುದು ಹಿಮದ ದೇಶಗಳವರ ಅನುಭವ. ಮೈಗೆ ತಾಗುವ ಒಳಗಿನ ಪದರ ಹತ್ತಿಯದಾಗಿರಬಾರದು. ನಮ್ಮ ಸೆಕೆಗೆ ಹಿತವಾದ ಹತ್ತಿ ಅಲ್ಲಿ ಶತ್ರು. ಬೆವರನ್ನು ಹೀರಿ ಒದ್ದೆಯಾಗಿಯೇ ಉಳಿದು ಮೈಯನ್ನು ತಣ್ಣಗಾಗಿಸುತ್ತದೆ. ಉಣ್ಣೆಯದೋ ಪಾಲಿಯೆಸ್ಟರಿನದೋ ಆಗಬೇಕು. ಎರಡನೆಯ ಪದರಕ್ಕೆ ಮನೆಯಲ್ಲಿರುವ ಉಣ್ಣೆಯ ಸ್ವೆಟರ್ ಅಥವಾ ಫ್ಲೀಸ್ ಸಾಕು. ಅಜ್ಜಿ ಹೆಣೆದ ಸ್ವೆಟರಿಗೆ ಇಲ್ಲಿ ಸಕಾರಣವಾದ ಸ್ಥಾನವಿದೆ. ಹಣ ಹಾಕಬೇಕಾದದ್ದು ಗಾಳಿ, ನೀರುಗಳನ್ನು ತಡೆಯುವ ಹೊರಪದರಕ್ಕೆ ಮಾತ್ರ. ಒಳಪಟ್ಟಿಯ ಮೇಲೆ 5,000 ಅಥವಾ 10,000 ಮಿಲಿಮೀಟರ್ ಎಂದು ಬರೆದಿರುತ್ತಾರೆ. ಸೋರುವ ಮೊದಲು ಆ ಬಟ್ಟೆ ಎಷ್ಟು ಎತ್ತರದ ನೀರಿನ ಕಂಬವನ್ನು ತಡೆದುಕೊಂಡೀತು ಎಂಬುದರ ಸೂಚನೆ ಅದು. ಪದೇ ಪದೇ ಬಿದ್ದು, ಹಿಮದಲ್ಲಿ ಕುಳಿತೇ ಕಲಿಯುವ ಪುಟ್ಟ ಮಕ್ಕಳಿಗೆ ಎರಡನೆಯದು ವಾಸಿ. ಪ್ಯಾಂಟು ಭುಜಕ್ಕೆ ಪಟ್ಟಿಯಿರುವ, ಎದೆಯವರೆಗೆ ಬರುವ ಬಗೆಯದಾದರೆ ಬಿದ್ದಾಗ ಬೆನ್ನಿನಿಂದ ಹಿಮ ಒಳಹೋಗುವುದಿಲ್ಲ. ಐದು ಬೆರಳಿನ ಕೈಗವಸಿಗಿಂತ ಹೆಬ್ಬೆರಳಿಗೆ ಮಾತ್ರ ಬೇರೆ ಜಾಗವಿರುವುದು ಹೆಚ್ಚು ಬೆಚ್ಚಗೆ. ಕಾಲುಚೀಲ ಒಂದೇ ಜೊತೆ ಸಾಕು; ಎರಡು ಜೊತೆ ತುರುಕಿದರೆ ಪಾದ ಬಿಗಿಯಾಗಿ ರಕ್ತಸಂಚಾರ ಕುಂದಿ ಚಳಿ ಹೆಚ್ಚುತ್ತದೆ.

ಅಳತೆಯ ವಿಷಯದಲ್ಲಿ ನನಗೆ ಅರಕಲಗೂಡಿನ ಬಾಲ್ಯ ನೆನಪಾಯಿತು. ಶಾಲೆಯ ಚಡ್ಡಿ, ಅಂಗಿ ಹೊಲಿಸಲು ಹೋದಾಗ ನಮ್ಮ ತಂದೆ ದರ್ಜಿಗೆ ಹೇಳುತ್ತಿದ್ದ ಮಾತು ಪ್ರತಿ ವರ್ಷವೂ ಒಂದೇ: ‘ಬೆಳೆಯೋ ಹುಡುಗ, ಒಳಗೆ ಸ್ವಲ್ಪ ಬಟ್ಟೆ ಬಿಟ್ಟು ಹೊಲಿಯಪ್ಪ.’ ಚಡ್ಡಿಯ ಅಂಚಿನಲ್ಲಿ ಎರಡು ಅಂಗುಲ ಮಡಿಚಿ ಹೊಲಿದಿರುತ್ತಿದ್ದರು. ಮರುವರ್ಷ ಹೊಲಿಗೆ ಬಿಚ್ಚಿದರೆ ಬಿಸಿಲು ಕಾಣದ ಆ ಭಾಗ ಗಾಢ ನೀಲಿ, ಉಳಿದದ್ದು ಮಾಸಲು. ಆ ಗೆರೆ ಇಡೀ ತರಗತಿಯ ಹುಡುಗರ ಚಡ್ಡಿಗಳ ಮೇಲೆ ಇದ್ದುದರಿಂದ ಯಾರಿಗೂ ನಾಚಿಕೆಯಾಗುತ್ತಿರಲಿಲ್ಲ. ಡೆನ್ವರಿನ ಅಂಗಡಿಯಲ್ಲಿ ಮಾರಾಟಗಾರ್ತಿಯೊಬ್ಬರು ದುಬಾರಿ ಜಾಕೆಟ್ಟೊಂದರ ತೋಳನ್ನು ಒಳಮಗ್ಗುಲು ತಿರುಗಿಸಿ ತೋರಿಸಿದರು. ಬೇರೆ ಬಣ್ಣದ ದಾರದಲ್ಲಿ ಹೊಲಿದ ಒಂದು ಮಡಿಕೆ ಅಲ್ಲಿತ್ತು. ಆ ದಾರವನ್ನು ಕತ್ತರಿಸಿದರೆ ತೋಳು ಒಂದೂವರೆ ಅಂಗುಲ ಉದ್ದವಾಗುತ್ತದೆ, ಉಡುಪು ಇನ್ನೊಂದು ಚಳಿಗಾಲಕ್ಕೆ ಬರುತ್ತದೆ. ಹೊಸ ವಿನ್ಯಾಸವೆಂದು ಅವರು ಹೇಳುತ್ತಿದ್ದುದು ಅರಕಲಗೂಡು ಪೇಟೆಯ ದರ್ಜಿಗೆ 1960ರ ದಶಕದಲ್ಲಿಯೇ ಗೊತ್ತಿತ್ತು. ಮಕ್ಕಳಿಗೆ ಕೊಳ್ಳುವವರು ಈ ಮಡಿಕೆ ಇದೆಯೇ ಎಂದು ಕೇಳುವುದು ಒಳ್ಳೆಯದು. ಅದಿಲ್ಲದಿದ್ದರೆ ಒಂದೇ ಅಳತೆ ದೊಡ್ಡದು ಸಾಕು. ಎರಡು ಅಳತೆ ದೊಡ್ಡದಾದರೆ ಮಗು ಎಡವುತ್ತದೆ, ಒಳಗೆ ಗಾಳಿಯೂ ನುಗ್ಗುತ್ತದೆ.

ಉಳಿತಾಯ ಮಾಡಬಾರದ ಜಾಗಗಳೂ ಇವೆ. ಹೆಲ್ಮೆಟ್ಟನ್ನು ಗುರುತಿಲ್ಲದವರಿಂದ ಹಳೆಯದಾಗಿ ಕೊಳ್ಳಬಾರದು. ಒಮ್ಮೆ ಜೋರಾಗಿ ಪೆಟ್ಟು ತಿಂದ ಹೆಲ್ಮೆಟ್ ಹೊರಗೆ ಬಿರುಕು ಕಾಣದಿದ್ದರೂ ಎರಡನೆಯ ಪೆಟ್ಟನ್ನು ತಡೆಯದೆ ಹೋಗಬಹುದು. ಹಳೆಯ ಜಾಕೆಟ್ಟುಗಳ ಟೋಪಿಯಲ್ಲಿ, ಸೊಂಟದಲ್ಲಿ ಲಾಡಿಯಂಥ ದಾರವಿದ್ದರೆ ಮೊದಲು ಅದನ್ನು ಎಳೆದು ತೆಗೆಯಬೇಕು. ಮಕ್ಕಳ ದಾರಗಳು ಜಾರುಬಂಡೆಗೆ, ವಾಹನದ ಬಾಗಿಲಿಗೆ ಸಿಕ್ಕಿಕೊಂಡು ಜೀವ ಹೋದದ್ದರಿಂದಲೇ ಅಮೆರಿಕ, ಯುರೋಪುಗಳಲ್ಲಿ ಅವುಗಳ ಮೇಲೆ ನಿಯಮಗಳು ಬಂದವು. ಉದ್ದನೆಯ ಮಫ್ಲರ್ ಕೂಡ ಇದೇ ಕಾರಣಕ್ಕೆ ಬೇಡ. ಬೂಟು ಮತ್ತು ಹಿಮಹಲಗೆಗಳನ್ನು ಕೊಳ್ಳುವುದಕ್ಕಿಂತ ಇಡೀ ಋತುವಿಗೆ ಬಾಡಿಗೆಗೆ ತರುವುದು ಜಾಣತನ. ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಬೂಟು ಕೊಟ್ಟರೆ ಮಗುವಿನ ಕಾಲು ಹಲಗೆಯನ್ನು ಹಿಡಿತಕ್ಕೆ ತರಲಾರದು.

ನಮ್ಮ ದೇಶದಲ್ಲೇ ಹಿಮ ನೋಡಲು ಹೋಗುವವರು ಮೂರು ದಿನದ ಪ್ರವಾಸಕ್ಕಾಗಿ ಬೆಂಗಳೂರಿನ ಮಾಲುಗಳಲ್ಲಿ ಮಕ್ಕಳಿಗೆ ಸಾವಿರಾರು ರೂಪಾಯಿಯ ಹಿಮದುಡುಪು ಕೊಳ್ಳುವ ಅಗತ್ಯವೇ ಇಲ್ಲ. ಮನಾಲಿಯಿಂದ ಸೋಲಂಗ್ ಕಡೆಗೆ ಹೋಗುವ ರಸ್ತೆಯ ಉದ್ದಕ್ಕೂ ಉಡುಪು, ಬೂಟುಗಳನ್ನು ದಿನದ ಬಾಡಿಗೆಗೆ ಕೊಡುವ ಅಂಗಡಿಗಳಿವೆ. ಮೈಗೆ ತಾಗುವ ಒಳಉಡುಪು, ಕಾಲುಚೀಲ, ಕೈಗವಸುಗಳನ್ನು ಮನೆಯಿಂದ ಒಯ್ದು, ಹೊರಗಿನ ಉಡುಪನ್ನು ಮಾತ್ರ, ಅದರ ಒಳಮೈ ಒಣಗಿದೆಯೇ ಎಂದು ಮುಟ್ಟಿ ನೋಡಿ ಬಾಡಿಗೆಗೆ ಪಡೆದರೆ ಸಾಕು.

ಇಷ್ಟೆಲ್ಲ ಅನುಕೂಲವಿದ್ದರೂ ನನ್ನ ಮಗಳು ತಾಯಿಗೆ ಹೇಳಬೇಡ ಎಂದಳಲ್ಲ, ಅದಕ್ಕೆ ಕಾರಣವೇನು? ಇನ್ನೊಬ್ಬರು ತೊಟ್ಟ ಬಟ್ಟೆಯನ್ನು ನಮ್ಮ ಮಗುವಿಗೆ ತೊಡಿಸುವುದೆಂದರೆ ನಮಗೆ ಮೈ ಕುಗ್ಗುತ್ತದೆ. ಇದರಲ್ಲಿ ಮಡಿಯ ಅಂಶ ಸ್ವಲ್ಪವಿದೆ, ಮಾನದ ಅಂಶ ಬಹಳವಿದೆ. ನಮ್ಮ ಸಮಾಜದಲ್ಲಿ ಹಳೆಯ ಬಟ್ಟೆ ಹರಿದದ್ದು ಮೇಲಿನಿಂದ ಕೆಳಕ್ಕೆ ಮಾತ್ರ. ಒಡೆಯನ ಮನೆಯಿಂದ ಆಳಿನ ಮನೆಗೆ, ಹಬ್ಬದ ದಿನ ಹಿತ್ತಲ ಬಾಗಿಲಿನಲ್ಲಿ ಕೈಗೆ ತಾಗದಂತೆ ಹಾಕಿದ ಬಟ್ಟೆ ಅದು. ಅದನ್ನು ಪಡೆದವರ ಮನಸ್ಸಿಗೆ ಏನಾಗುತ್ತಿತ್ತೆಂದು ಕೊಟ್ಟವರು ಕೇಳಲಿಲ್ಲ. ಆದ್ದರಿಂದ ಹಳೆಯ ಬಟ್ಟೆ ಎಂದೊಡನೆ ಕೆಳಗಿಳಿದಂತೆ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ. ದಿನಗೂಲಿಯವನೂ ನಾರಿನ ಅಂಗಿಯಿಲ್ಲದೆ ನಾಲ್ಕು ಜನರ ಮುಂದೆ ಬರಲು ನಾಚುತ್ತಾನೆ, ಹೀಗಾಗಿ ಅಂಥ ಅಂಗಿಯೂ ಅವಶ್ಯಕ ವಸ್ತುವೇ ಎಂದು ಆಡಂ ಸ್ಮಿತ್ 1776ರಷ್ಟು ಹಿಂದೆಯೇ ವಾದಿಸಿದ್ದ. ಬಟ್ಟೆಯ ಬೆಲೆಯಲ್ಲಿ ಮಾನದ ಬೆಲೆಯೂ ಸೇರಿರುತ್ತದೆ ಎಂಬುದನ್ನು ಅರ್ಥಶಾಸ್ತ್ರ ಮರೆಯುವಂತಿಲ್ಲ.

ಆದರೆ ನಮ್ಮಲ್ಲಿಯೇ ಇನ್ನೊಂದು ಪದ್ಧತಿಯೂ ಇದೆ. ಹುಟ್ಟಿದ ಮಗುವಿಗೆ ಮೊದಲು ತೊಡಿಸುವುದು ಹೊಸ ಬಟ್ಟೆಯನ್ನಲ್ಲ. ಒಗೆದು ಒಗೆದು ಮೆತ್ತಗಾದ ಹಿರಿಯರ ಹಳೆಯ ಬಟ್ಟೆಯನ್ನು. ಅಣ್ಣನ ಅಂಗಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ, ದೊಡ್ಡಮ್ಮನ ಮಗನ ಸ್ವೆಟರ್ ಚಿಕ್ಕಮ್ಮನ ಮಗನಿಗೆ ಬರುತ್ತಿತ್ತು. ಸ್ವೆಟರ್ ತೀರ ಚಿಕ್ಕದಾದರೆ ನಮ್ಮ ಅತ್ತೆ ಅದನ್ನು ಬಿಚ್ಚಿ, ಉಣ್ಣೆಯನ್ನು ಉಂಡೆ ಸುತ್ತಿ, ಮತ್ತೊಂದು ಬಣ್ಣ ಸೇರಿಸಿ ಹೊಸ ಅಳತೆಗೆ ಹೆಣೆಯುತ್ತಿದ್ದರು. ಮಳೆಗಾಲದಲ್ಲಿ ಹೊಲಕ್ಕೆ ಹೊರಟವರ ತಲೆಯ ಮೇಲಿನ ಕಂಬಳಿ ಕೊಪ್ಪೆ ಅಪ್ಪನಿಂದ ಮಗನಿಗೆ ಬಂದದ್ದಾಗಿರುತ್ತಿತ್ತು; ಗಾಳಿ, ಮಳೆಗಳನ್ನು ತಡೆಯುವ ನಮ್ಮ ಸೀಮೆಯ ಹೊರಪದರ ಅದೇ. ಸಮಾನರ ನಡುವೆ ಕೈಬದಲಾದ ಬಟ್ಟೆ ಪ್ರೀತಿಯ ಗುರುತಾಗಿತ್ತು, ಮೇಲಿನಿಂದ ಎಸೆದ ಬಟ್ಟೆ ಅವಮಾನದ ಗುರುತಾಗಿತ್ತು. ಡೆನ್ವರಿನ ಸಂತೆಯಲ್ಲಿ ನಾನು ಕಂಡದ್ದು ಮೊದಲನೆಯದನ್ನು. ಅಲ್ಲಿ ವೈದ್ಯರೂ ಬಸ್ ಚಾಲಕರೂ ಒಂದೇ ಸರದಿಯಲ್ಲಿ ನಿಂತಿದ್ದರು. ಎಲ್ಲರೂ ಕೊಟ್ಟವರೇ, ಎಲ್ಲರೂ ಕೊಂಡವರೇ. ಯಾರೂ ಯಾರಿಗೂ ದಾನ ಮಾಡುತ್ತಿರಲಿಲ್ಲ.

ಈಗ ಆ ಒಳಪಟ್ಟಿಯ ಬಳಿಗೆ ಬರೋಣ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ಹಿಮದುಡುಪುಗಳ ಮೇಲೆ ಹೆಚ್ಚಾಗಿ ಕಾಣುವುದು ಚೀನಾ, ವಿಯೆಟ್ನಾಂ, ಬಾಂಗ್ಲಾದೇಶಗಳ ಹೆಸರು. ನಮ್ಮ ಬೆಂಗಳೂರಿನ ರಫ್ತು ಕಾರ್ಖಾನೆಗಳೂ ದಶಕಗಳಿಂದ ಚಳಿ ದೇಶಗಳ ಜಾಕೆಟ್ಟುಗಳನ್ನು ಹೊಲಿಯುತ್ತ ಬಂದಿವೆ. 1974ರಿಂದ ಜವಳಿ ವ್ಯಾಪಾರವನ್ನು ಕಟ್ಟಿಹಾಕಿದ್ದ ಅಂತರರಾಷ್ಟ್ರೀಯ ಕೋಟಾ ವ್ಯವಸ್ಥೆ 2005ರ ಜನವರಿ 1ಕ್ಕೆ ಕೊನೆಗೊಂಡ ಮೇಲೆ ಈ ಉದ್ಯಮ ರಾಜಧಾನಿಯಿಂದ ಜಿಲ್ಲೆಗಳತ್ತ ಚಾಚಿತು. ಹಾಸನದಲ್ಲಿ ಜವಳಿಗೆಂದೇ ವಿಶೇಷ ಆರ್ಥಿಕ ವಲಯ ಬಂತು. ಕನಿಷ್ಠ ವೇತನವನ್ನು ವಲಯವಾರು ನಿಗದಿಪಡಿಸುವ ನಮ್ಮ ರಾಜ್ಯದಲ್ಲಿ ಬೆಂಗಳೂರಿಗಿಂತ ಜಿಲ್ಲೆಗಳಲ್ಲಿ ಕೂಲಿ ಕಡಿಮೆ ಎಂಬುದೂ ಈ ಚಲನೆಗೆ ಒಂದು ಕಾರಣ. ಆಲೂಗೆಡ್ಡೆಗೆ ಅಂಗಮಾರಿ ಬಡಿದ, ತೆಂಗಿನ ಬೆಲೆ ಏರಿಳಿಯುವ, ಹೊಗೆಸೊಪ್ಪಿನ ಹರಾಜಿನಲ್ಲಿ ದರ ಸಿಗದ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳ ಎಷ್ಟೋ ಮನೆಗಳ ಒಲೆ ಉರಿದದ್ದು ‘ಗಾರ್ಮೆಂಟ್ಸ್’ಗೆ ಹೋಗುವ ಹೆಣ್ಣುಮಗಳ ಸಂಬಳದಿಂದ.

2025ರ ಸೆಪ್ಟೆಂಬರಿನಲ್ಲಿ ಚನ್ನರಾಯಪಟ್ಟಣದಿಂದ ಹಾಸನಕ್ಕೆ ಬೆಳಗಿನ ಬಸ್ಸಿನಲ್ಲಿ ಬರುತ್ತಿದ್ದಾಗ ಅಂಥ ಒಬ್ಬ ಮಹಿಳೆ ಪಕ್ಕದ ಸೀಟಿನಲ್ಲಿದ್ದರು. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ತಿಂಗಳಿಗೆ ಉಳಿಯುವ ಬಸ್ ಛಾರ್ಜನ್ನು ಮಗನ ಟ್ಯೂಷನ್ನಿಗೆ ಕೊಡುತ್ತೇನೆ ಎಂದರು. ಜಿಪ್ ಕೂರಿಸುವುದು ಅವರ ಕೆಲಸ. ಗಂಟೆಗೆ ಇಷ್ಟು ಪೀಸು ಎಂಬ ಟಾರ್ಗೆಟ್. ಮುಗಿಯದಿದ್ದರೆ ಊಟದ ವೇಳೆಯಲ್ಲಿ ಹತ್ತು ನಿಮಿಷ ಹೋಗುತ್ತದೆ. ಆ ವರ್ಷದ ಆಗಸ್ಟ್‌ನಲ್ಲಿ ಅಮೆರಿಕ ಭಾರತದ ಸರಕುಗಳ ಮೇಲಿನ ಹೆಚ್ಚುವರಿ ಸುಂಕವನ್ನು ಶೇ 50ಕ್ಕೆ ಏರಿಸಿತ್ತು. ‘ಆರ್ಡರ್ ಕಮ್ಮಿ ಆಯ್ತು ಅಂತ ಓಟಿ ನಿಲ್ಲಿಸಿದ್ದಾರೆ ಸಾರ್’ ಎಂದರು. ನನ್ನ ಮೊಮ್ಮಕ್ಕಳ ಜಾಕೆಟ್ಟಿನ ವಿಷಯ ಹೇಳಿದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಜಿಪ್ ಗಟ್ಟಿ ಇತ್ತಾ?’ ಇತ್ತು ಎಂದೆ. ನಾಲ್ಕನೆಯ ಮಗು ತೊಡುತ್ತಿದೆ ಎಂದಾಗ ಅವರ ಮುಖದಲ್ಲಿ ಕಂಡದ್ದು ಕುಶಲಕರ್ಮಿಯ ಹೆಮ್ಮೆ.

ಆ ಪ್ರಶ್ನೆಯನ್ನು ಅಗ್ಗದ ಬಟ್ಟೆಯನ್ನು ಹುಡುಕುವ ನಾವು ಕೇಳುವುದಿಲ್ಲ. ನಾವು ಕೇಳುವುದು ಎಷ್ಟು ಕಡಿತ ಎಂದು. ದಿನಗೂಲಿಯವನ ಒಂದು ಉಣ್ಣೆಯ ಕೋಟಿನ ಹಿಂದೆ ಎಷ್ಟೊಂದು ಜನರ ದುಡಿಮೆ ಸೇರಿದೆ ಎಂಬುದನ್ನು ತೋರಿಸುತ್ತಲೇ ಆಡಂ ಸ್ಮಿತ್ ತನ್ನ ದೊಡ್ಡ ಗ್ರಂಥದ ಮೊದಲ ಅಧ್ಯಾಯವನ್ನು ಮುಗಿಸುತ್ತಾನೆ. ಇಂದಿನ ಹಿಮದ ಜಾಕೆಟ್ಟಿಗೆ ಅವನ ಮಾತು ಇನ್ನೂ ಹೆಚ್ಚು ಸಲ್ಲುತ್ತದೆ. ಆದರೆ ಆ ದುಡಿಮೆಗಳಲ್ಲಿ ಹೊಲಿಗೆಯ ಕೂಲಿಯ ಪಾಲು ಅಂಗಡಿಯ ಬೆಲೆಯಲ್ಲಿ ನೂರಕ್ಕೆ ಕೆಲವೇ ರೂಪಾಯಿ. ಉಳಿದದ್ದು ಬಟ್ಟೆ, ಸಾಗಣೆ, ಸುಂಕ, ಜಾಹೀರಾತು, ಮಳಿಗೆಯ ಬಾಡಿಗೆ, ಬ್ರಾಂಡಿನ ಲಾಭ. ಹೀಗಾಗಿ ಕೂಲಿಯನ್ನು ಹಿಂಡುವುದರಿಂದ ಕೊಳ್ಳುವ ತಾಯಿಗೆ ಉಳಿಯುವುದು ಒಂದೆರಡು ಡಾಲರ್. ಕಳೆದುಕೊಳ್ಳುವ ತಾಯಿಗೆ ಹೋಗುವುದು ತಿಂಗಳ ಸೊಪ್ಪು ತರಕಾರಿ. 2020ರ ಏಪ್ರಿಲ್‌ನಿಂದ ಸಲ್ಲಬೇಕಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಕೋವಿಡ್ ಕಾರಣ ನೀಡಿ ಮುಂದೂಡಿದ್ದನ್ನು ನೆನಪಿಸಿಕೊಳ್ಳಿ. ತಿಂಗಳಿಗೆ ಅದು ಸುಮಾರು 417 ರೂಪಾಯಿ. ಆಗಿನ ವಿನಿಮಯ ದರದಲ್ಲಿ 6 ಡಾಲರಿಗಿಂತ ಕಡಿಮೆ, ಅಂದರೆ ಡೆನ್ವರಿನಲ್ಲಿ ಮಗುವಿಗೊಂದು ಜೊತೆ ಕೈಗವಸೂ ಬಾರದ ಹಣ. ಹೈಕೋರ್ಟ್ ಅದೇ ವರ್ಷ ಮಧ್ಯಪ್ರವೇಶಿಸಿದ ಮೇಲೂ ಎಷ್ಟೋ ಕಾರ್ಮಿಕರ ಕೈಗೆ ಬಾಕಿ ಬರಲು 2022 ಆಗಬೇಕಾಯಿತು. ಸರ್ಕಾರಿ ಸೇವೆಯಲ್ಲಿದ್ದ ನನ್ನಂಥವರ ತುಟ್ಟಿಭತ್ಯೆ ಮೂರು ಕಂತು ತಡೆಹಿಡಿದಾಗ ನಾವು ಎಷ್ಟು ಮಾತನಾಡಿದೆವು ಎಂಬುದೂ ನನಗೆ ನೆನಪಿದೆ.

ಇಲ್ಲಿ ಓದುಗರು ಒಂದು ನ್ಯಾಯವಾದ ಆಕ್ಷೇಪ ಎತ್ತಬಹುದು. ಎಲ್ಲರೂ ಹಳೆಯದನ್ನೇ ಕೈಬದಲಿಸಿಕೊಂಡರೆ ಹೊಸದನ್ನು ಹೊಲಿಯುವ ಈ ಹೆಣ್ಣುಮಕ್ಕಳ ಗತಿಯೇನು? ಉಳಿತಾಯದ ಉಪದೇಶ ಹಾಸನದ ಉದ್ಯೋಗಕ್ಕೆ ಕೊಡಲಿಯಾಗುವುದಿಲ್ಲವೇ? ಈ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಒಂದು ಉಡುಪು ನಾಲ್ಕು ಮಕ್ಕಳಿಗೆ ಬಂದರೆ ಮೂರು ಉಡುಪುಗಳ ಆರ್ಡರ್ ಕಡಿಮೆಯಾಗುವುದು ನಿಜ.

ಆದರೆ ಹೊಲಿಗೆ ಕಾರ್ಖಾನೆಯಲ್ಲಿ ಕೆಲಸವನ್ನು ಅಳೆಯುವುದು ನಿಮಿಷಗಳಲ್ಲಿ. ಒಂದು ಟೀ ಷರ್ಟು ಕೆಲವೇ ನಿಮಿಷಗಳ ಕೆಲಸ. ನೀರು ಒಳನುಗ್ಗದಂತೆ ಹೊಲಿಗೆಯ ಮೇಲೆ ಪಟ್ಟಿ ಅಂಟಿಸಿ, ಒಳಪದರ ಕೂಡಿಸಿ, ಹಲವು ಜೇಬು, ಜಿಪ್ಪುಗಳನ್ನು ಇಟ್ಟು, ಬೆಳೆಯುವ ಮಗುವಿಗೆಂದು ಮಡಿಕೆ ಬಿಟ್ಟು ಹೊಲಿದ ಜಾಕೆಟ್ಟಿಗೆ ಅದರ ಹಲವು ಪಟ್ಟು ನಿಮಿಷಗಳು ಬೇಕು. ಹೆಚ್ಚಿನ ಕೈಚಳಕವೂ ಬೇಕು. ಮರಳಿ ಮಾರಬಹುದಾದ ಉಡುಪಿಗೆ ಮೊದಲು ಕೊಳ್ಳುವವರು ಹೆಚ್ಚು ಬೆಲೆ ಕೊಡಲು ಹಿಂಜರಿಯುವುದಿಲ್ಲ, ಏಕೆಂದರೆ ಅದರ ಒಂದು ಪಾಲು ಮರುವರ್ಷ ಅವರ ಕೈಗೇ ಬರುತ್ತದೆ. ಹರಿದು ಎಸೆಯುವ ಸರಕಿನಲ್ಲಿ ಹಾಸನ ಇನ್ನೂ ಅಗ್ಗದ ಕೂಲಿಯ ಊರುಗಳೊಂದಿಗೆ ಸ್ಪರ್ಧಿಸಬೇಕು. ಆ ಸ್ಪರ್ಧೆಯಲ್ಲಿ ಗೆದ್ದರೂ ಸೋತಂತೆಯೇ. ಬಾಳಿಕೆಯ ಸರಕಿನಲ್ಲಿ ನೈಪುಣ್ಯಕ್ಕೆ ಬೆಲೆ ಉಂಟು. ಇದರಿಂದ ಒಂದು ಆರ್ಡರೂ ತಪ್ಪುವುದಿಲ್ಲ ಎಂದು ನಾನು ಹೇಳಲಾರೆ. ಆದರೆ ಅತಿ ಕಡಿಮೆ ಬೆಲೆಯ ಮೇಲೆ ನಿಂತ ಉದ್ಯೋಗ ಎಷ್ಟು ಅಭದ್ರ ಎಂಬುದನ್ನು 2025ರಲ್ಲಿ ಒಂದೇ ಒಂದು ಸುಂಕದ ಆದೇಶ ತೋರಿಸಿಕೊಟ್ಟಿತು.

ಹಾಗಾದರೆ ಮಾಡಬಹುದಾದದ್ದೇನು? ಹೊರದೇಶದ ಕನ್ನಡ ಸಂಘಗಳು ಯುಗಾದಿ, ರಾಜ್ಯೋತ್ಸವ, ದೀಪಾವಳಿಗಳಿಗೆ ಸೇರುತ್ತವೆ. ರಾಜ್ಯೋತ್ಸವ ಬರುವುದು ಸ್ಕೀ ಋತುವಿನ ಹೊಸ್ತಿಲಲ್ಲೇ. ಅಂದು ಸಭಾಂಗಣದ ಒಂದು ಮೂಲೆಯಲ್ಲಿ ಮಕ್ಕಳ ಹಿಮದುಡುಪುಗಳ ವಿನಿಮಯಕ್ಕೆ ನಾಲ್ಕು ಮೇಜು ಹಾಕಿದರೆ, ಹೊಸದಾಗಿ ಬಂದ ದಂಪತಿಗಳಿಗೆ ಮೊದಲ ಚಳಿಗಾಲದ ಭಾರ ಎಷ್ಟೋ ಇಳಿಯುತ್ತದೆ. ಕೊಡುವವರೂ ಕೊಳ್ಳುವವರೂ ಒಬ್ಬರೇ ಆಗಿರುವುದರಿಂದ ಅಲ್ಲಿ ಯಾರ ಮಾನಕ್ಕೂ ಕುಂದಿಲ್ಲ. ಹೊಸದನ್ನು ಕೊಳ್ಳಲೇಬೇಕಾದವರು ಋತು ಮುಗಿಯುವ ಮಾರ್ಚ್, ಏಪ್ರಿಲ್ ತಿಂಗಳ ರಿಯಾಯಿತಿಯಲ್ಲಿ, ಬೆಲೆಗಿಂತ ಮೊದಲು ಹೊಲಿಗೆ, ಜಿಪ್ಪುಗಳನ್ನು ನೋಡಿ ಕೊಳ್ಳಲಿ. ಇನ್ನು ನಮ್ಮ ಕಡೆ, ಅಮೆರಿಕದ ಅಂಗಡಿಯಲ್ಲಿ ನಿಂತು ನಾವು ಮಾಡಲಾಗದ ಕೆಲಸ ಸರ್ಕಾರದ್ದು: ಕನಿಷ್ಠ ವೇತನವನ್ನು ಕಾಲಕಾಲಕ್ಕೆ ಪರಿಷ್ಕರಿಸಿ, ಅದು ಗೊತ್ತಾದ ದಿನವೇ ಕಾರ್ಮಿಕರ ಖಾತೆಗೆ ಸೇರುವಂತೆ ನೋಡಿಕೊಳ್ಳುವುದು, ಕಾರ್ಖಾನೆಗಳ ಶಿಶುವಿಹಾರಗಳು ಕಾಗದದ ಮೇಲೆ ಮಾತ್ರ ಉಳಿಯದಂತೆ ತಪಾಸಣೆ ನಡೆಸುವುದು. ನಮ್ಮ ಮೊಮ್ಮಕ್ಕಳನ್ನು ಬೆಚ್ಚಗಿಡುವ ಉಡುಪು ಹೊಲಿಯುವವರ ಮಕ್ಕಳನ್ನು ಹಗಲು ಹೊತ್ತು ನೋಡಿಕೊಳ್ಳುವವರು ಇರಬೇಕೆಂದು ಕೇಳುವುದು ಅತಿಯಾದ ಬೇಡಿಕೆಯಲ್ಲ.

ಊರಿಗೆ ಮರಳಿದ ಮೇಲೆ ನನ್ನ ಪತ್ನಿಗೆ ವಿಷಯ ತಿಳಿಸಿದೆ. ಮಗಳ ಮಾತನ್ನು ಮೀರಿದ್ದಕ್ಕೆ ಅವಳ ಕ್ಷಮೆ ಕೇಳಿದ್ದೇನೆ. ಪತ್ನಿ ಕೆಲ ಹೊತ್ತು ಸುಮ್ಮನಿದ್ದು, ‘ಚೆನ್ನಾಗಿ ಒಗೆದಿದ್ರಾ?’ ಎಂದಳು. ಒಗೆದಿದ್ದೆವು. ಮೊಮ್ಮಗಳ ಜಾಕೆಟ್ಟಿನ ಒಳಪಟ್ಟಿಯಲ್ಲಿ ಹಿಂದೆ ತೊಟ್ಟ ಮೂವರು ಮಕ್ಕಳ ಹೆಸರುಗಳು ಶಾಯಿಯಲ್ಲಿ ಬರೆದು, ಒಂದೊಂದಾಗಿ ಹೊಡೆದುಹಾಕಲ್ಪಟ್ಟಿದ್ದವು. ಅವುಗಳ ಕೆಳಗೆ ಅವಳು ತನ್ನ ಹೆಸರನ್ನು ಬರೆದುಕೊಂಡಿದ್ದಾಳೆ. ಮುಂದಿನ ಸರದಿ ತಮ್ಮನದು. ಅದನ್ನು ಹೊಲಿದವರ ಹೆಸರಿಗೆ ಆ ಪಟ್ಟಿಯಲ್ಲಿ ಜಾಗವಿಲ್ಲ. ಅವರ ಸಂಬಳಕ್ಕಾದರೂ ಅದರ ಬೆಲೆಯಲ್ಲಿ ತಕ್ಕ ಜಾಗ ಸಿಗಬೇಕು.